ಒಂದು ಫೂಟಿಗೆ ಒಂದು ಇಂಚಿನ ಸೀಟು

"ಈಕಿ ಡಿಗ್ರಿ ಮುಗಸಬೇಕಾದ್ರ ಸೂರ್ಯ ನಮ್ಮ ವಾಡಿ ಸ್ಟೇಷನ್ದಾಗ ಇಳದು ಚಾ ಕುಡದು ಹೋಗಬೇಕು" ಎಂದವಳು ಚಿತ್ತಾಪುರದ ನಮ್ಮ ಶಾಂತತ್ತೆ, ಅಪ್ಪನ ಅಕ್ಕ. ಹೆಸರು ಮುಚ್ಚಿಟ್ಟು ಬರೆಯಬಹುದಿತ್ತು. ಆದರೆ ಆಕೆಯೇನು ಆ ಮಾತನ್ನು ಮುಚ್ಚಿಟ್ಟು ಆಡಲಿಲ್ಲ. ನಮ್ಮ ಅಂಗಳದಲ್ಲಿ, ಎಲೆ ಅಡಿಕೆ ಜಗಿಯುತ್ತ, ಆಚೀಚೆ ಮೂರು ಮನೆಗೆ ಕೇಳುವ ದನಿಯಲ್ಲಿ ಆಡಿದಳು. ಆಕೆಯ ಮಾತಿಗೆ ಆಧಾರವೂ ಇತ್ತೆನ್ನಿ. ನಮ್ಮ ವಂಶದಲ್ಲಿ ಅಲ್ಲಿಯವರೆಗೆ ಕಾಲೇಜಿನ ಒಳಗೆ ಕಾಲಿಟ್ಟವನೆಂದರೆ ನಮ್ಮಪ್ಪ ಒಬ್ಬನೇ, ಅದೂ ಪ್ರಿನ್ಸಿಪಾಲರ ಕುರ್ಚಿಯ ಹರಿದ ರೆಕ್ಸಿನ್ ಬದಲಿಸಲು.

ಈಗ ನಾನು ಪದವೀಧರೆ. ದೃಶ್ಯಕಲೆಯಲ್ಲಿ ಪದವಿ. ಕಡೆಯ ವರ್ಷದ ಪ್ರಾಜೆಕ್ಟಿನ ವಿಷಯ ಅಮೆರಿಕದ ಹಳೆಯ ಶ್ರೀಮಂತ ಕಾರುಗಳ ಸೀಟುಗಳು ಮತ್ತು ಅವುಗಳ ಪುಟ್ಟ ಮಾದರಿಗಳು. ಇದನ್ನು ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಪಕ್ಕದವರ ಮುಖ ನೋಡುತ್ತಾರೆ, ಕಡೆಗೆ ಮರ್ಯಾದೆಯಿಂದ ಕೇಳುತ್ತಾರೆ: "ನಿಮ್ಮ ಮನ್ಯಾಗ ಕಾರ್ ಅದ ಏನ್ರಿ?" ಇಲ್ಲ. ಕಾರಿಲ್ಲ, ಓಡಿಸಲು ಬರುವುದಿಲ್ಲ, ಅಮೆರಿಕ ನೋಡಿಲ್ಲ. ಕುಳಿತುಕೊಳ್ಳಲು ಮಾತ್ರ ಚೆನ್ನಾಗಿ ಬರುತ್ತದೆ. ಹುಟ್ಟಿದಾಗಿನಿಂದ ಅದನ್ನೇ ಗಮನಿಸುತ್ತ ಬಂದಿದ್ದೇನೆ.

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಅಪ್ಪನ ಕುಶನ್ ಅಂಗಡಿ. ಕುಶನ್ ಅಂಗಡಿಯೆಂದರೆ ಗಾಡಿಗಳ ಸೀಟು ಹೊಲಿಯುವ ಅಂಗಡಿ. ಟಂಟಂ ಆಟೋ, ಜೀಪು, ಟ್ರ್ಯಾಕ್ಟರು, ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೇರುವ ಲಾರಿ, ಎಲ್ಲ ಬರುತ್ತವೆ. ನಮ್ಮೂರಿನ ಗಾಳಿಯಲ್ಲಿ ಸದಾ ಫರ್ಸಿ ಕೊಯ್ದ ಬಿಳಿ ಹುಡಿ ಇರುತ್ತದಾದ್ದರಿಂದ ಬಟ್ಟೆಯ ಸೀಟು ಇಲ್ಲಿ ಎರಡು ತಿಂಗಳಿಗೆ ಸುಣ್ಣ ಬಳಿದ ಗೋಡೆಯಾಗುತ್ತದೆ. ಆದ್ದರಿಂದ ಅಪ್ಪನ ಮೊದಲ ಶಾಸನ: "ಒರಸಿದ್ರ ಹೋಗಬೇಕು." ಅಂದರೆ ರೆಕ್ಸಿನ್. ಯಾರಾದರೂ ಸೇಡಂ ಕಡೆಯ ಹೊಸ ಕಾರಿನವರು ಬಂದು ಮೆತ್ತನೆಯ ಬಟ್ಟೆ ಹಾಕಿರೆಂದರೆ ಅಪ್ಪ ತನ್ನ ತೋಳು ಝಾಡಿಸಿ ತೋರಿಸುತ್ತಾನೆ. ಹುಡಿ ಏಳುತ್ತದೆ. ಗಿರಾಕಿ ರೆಕ್ಸಿನ್ ಆರಿಸುತ್ತಾನೆ.

ಜನರನ್ನು ಮುಖ ನೋಡಿ ಗುರುತಿಸುವವರಿದ್ದಾರೆ, ಕೈ ನೋಡಿ ಭವಿಷ್ಯ ಹೇಳುವವರೂ ಇದ್ದಾರೆ. ಅಪ್ಪನಿಗೆ ಅವರು ಬಿಟ್ಟುಹೋದ ಸೀಟು ಸಾಕು. ಬಲಗಡೆಯ ಅಂಚು ಮಾತ್ರ ಸವೆದಿದ್ದರೆ ಡ್ರೈವರನು ಕಿಟಕಿಯಾಚೆ ಬಾಗಿ ಎಲೆ ಅಡಿಕೆ ಉಗುಳುವವನು. ಮುಂದಿನ ತುದಿ ತಗ್ಗಾಗಿದ್ದರೆ ಗಿಡ್ಡ ಮನುಷ್ಯ, ಕಾಲು ಎಟುಕುವುದಿಲ್ಲ, ಪಾಪ. ಹಿಂದಿನ ಸೀಟಿನ ನಡುವೆ ತೂತು ಬಿದ್ದಿದ್ದರೆ ಮನೆಯಲ್ಲಿ ಮಕ್ಕಳಿದ್ದಾರೆ ಮತ್ತು ಆ ಮಕ್ಕಳ ಕೈಯಲ್ಲಿ ಪೆನ್ಸಿಲ್ ಇದೆ. ಅಪ್ಪ ನಾಲ್ಕನೇ ಇಯತ್ತೆ ಓದಿದವನು. ಆದರೆ ಒಂದು ಸೀಟು ಓದುವುದನ್ನು ನೋಡಿದರೆ ಪ್ರಾಧ್ಯಾಪಕರು ತಾಳೆಗರಿ ಹಿಡಿದಂತೆ ಕಾಣುತ್ತಾನೆ.

ತಮಾಷೆಯೆಂದರೆ ಸೀಟು ನಮ್ಮ ಮನೆತನದ ಕಸುಬೇ ಅಲ್ಲ. ನಾವು ಕಾಗಿಣಾ ದಂಡೆಯವರು. ನನ್ನ ಮುತ್ಯಾ, ಅಪ್ಪನ ಅಪ್ಪ, ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ. ಹರಿಗೋಲಿನಲ್ಲಿ ಸೀಟೆಂಬುದಿಲ್ಲ. ಗೌಡನಾಗಲಿ ಕೂಲಿಯವನಾಗಲಿ ನಡುವೆ ಕುಕ್ಕರಗಾಲಿನಲ್ಲಿ ಕೂರಬೇಕು, ಮೊಣಕಾಲು ಅಪ್ಪಿಕೊಂಡು. ಕೂತವರಿಗೆಲ್ಲ ಮುತ್ಯಾನದು ಒಂದೇ ಮಾತು: "ಅಳ್ಳಾಡಬ್ಯಾಡ್ರಿ." ಜಗತ್ತಿನಲ್ಲಿ ಅಷ್ಟು ಸಮಾನತೆಯಿದ್ದ ವಾಹನ ಇನ್ನೊಂದು ಇರಲಿಲ್ಲವೆಂದು ನನಗೆ ಈಗ ಅನಿಸುತ್ತದೆ. ಸೇತುವೆ ಬಂತು, ಹರಿಗೋಲು ದನದ ಕೊಟ್ಟಿಗೆ ಸೇರಿತು, ಅಪ್ಪ ವಾಡಿಯಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಸೂಜಿ ಹಿಡಿದ. ಕೂರಲು ಜಾಗವೇ ಇಲ್ಲದ ಕಸುಬಿನಿಂದ ಕೂರುವ ಜಾಗ ಮಾಡುವ ಕಸುಬಿಗೆ ಒಂದೇ ತಲೆಮಾರಿನಲ್ಲಿ ಬಂದೆವು. ಇದಕ್ಕಿಂತ ದೊಡ್ಡ ಜಿಗಿತ ನನ್ನ ಪದವಿಯದೂ ಅಲ್ಲ.

ಅಮೆರಿಕ ನಮ್ಮ ಮನೆಗೆ ಬಂದದ್ದು ರೆಕ್ಸಿನ್ ಮೂಲಕ. ಹೈದರಾಬಾದಿನ ವ್ಯಾಪಾರಿ ಕೊಟ್ಟುಹೋದ ಸ್ಯಾಂಪಲ್ ಪುಸ್ತಕದ ರಟ್ಟಿನ ಮೇಲೆ ಒಂದು ಹಳೆಯ ಅಮೆರಿಕನ್ ಕಾರಿನ ಒಳಗಿನ ಚಿತ್ರವಿತ್ತು. ಕೆಂಪು ಸೀಟು, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಗಾದಿ, ನಡುವೆ ತಡೆಯಿಲ್ಲ, ಕಡ್ಡಿಯಿಲ್ಲ. ಆಗ ನಾನು ಏಳನೇ ಇಯತ್ತೆಯಲ್ಲಿದ್ದೆ. ಅಪ್ಪ ಬೆರಳಿಟ್ಟು ಅಳೆದು, "ಮುಂದೇ ಐದು ಮಂದಿ ಹಿಡೀತಾರ ನೋಡು" ಎಂದ. ಅಮೆರಿಕದವರು ಅದರಲ್ಲಿ ಮೂರು ಜನರನ್ನಷ್ಟೇ ಕೂರಿಸುತ್ತಿದ್ದರೆಂದು ಬಹಳ ವರ್ಷಗಳ ಮೇಲೆ ಓದಿದಾಗ ನನಗೆ ಸ್ವಲ್ಪ ಬೇಜಾರಾಯಿತು. ಅಷ್ಟು ಜಾಗ ಸುಮ್ಮನೆ ಹಾಳು.

ಅದಕ್ಕೆ ಬೆಂಚ್ ಸೀಟು ಎನ್ನುತ್ತಾರೆ. ಗೇರು ನೆಲದಲ್ಲಿದ್ದರೆ ನಡುವೆ ಕೂತವರ ಕಾಲಿಗೆ ಅಡ್ಡ ಬರುತ್ತದೆಂದು ಅದನ್ನು ಸ್ಟೇರಿಂಗಿನ ಕೊರಳಿಗೇ ಕಟ್ಟಿದ್ದರು. ಎಂಥ ಉಪಾಯ! ನಮ್ಮ ಚಿಂಚೋಳಿ ಜೀಪುಗಳಲ್ಲಿ ಆ ಉಪಾಯವಿಲ್ಲ, ಆದರೆ ಬೆಂಚಿದೆ. ಮುಂದೆ ನಾಲ್ವರು ಕೂತಿರುತ್ತಾರೆ, ಡ್ರೈವರ್ ಅರ್ಧ ಬಾಗಿಲಿನಾಚೆ ಇರುತ್ತಾನೆ, ಗೇರು ಯಾರದೋ ಮೊಣಕಾಲ ಸಂದಿಯಲ್ಲಿರುತ್ತದೆ. "ಕಾಲ್ ಸರಸ್ರಿ ಕಾಕಾ, ಮೂರನೇ ಗೇರ್ ಬರಬೇಕು" ಎಂದರೆ ಕಾಕಾ ಸರಿಸುತ್ತಾರೆ, ಗೇರ್ ಬರುತ್ತದೆ, ಗಾಡಿ ಓಡುತ್ತದೆ. ಅಮೆರಿಕದವರು ಕೈಬಿಟ್ಟ ಒಂದು ಸಂಸ್ಕೃತಿಯನ್ನು ಕಾಳಗಿ ರಸ್ತೆಯಲ್ಲಿ ನಾವು ಇನ್ನೂ ಉಳಿಸಿಕೊಂಡಿದ್ದೇವೆ. ಯಾರೂ ನಮಗೆ ಶಾಲು ಹೊದಿಸಿಲ್ಲ, ಅಷ್ಟೆ.

ಬೆಂಚಿನ ನಂತರ ಬಂದದ್ದು ಬಕೆಟ್ ಸೀಟು, ಒಬ್ಬೊಬ್ಬರಿಗೆ ಒಂದೊಂದು ಗುಣಿ. ನಿಮ್ಮದು ನಿಮಗೆ, ನನ್ನದು ನನಗೆ, ನಡುವೆ ಕೈಯಿಡುವ ಡಬ್ಬಿ. ಈ ಎರಡರ ನಡುವೆ ಮತ್ತೊಂದು ಬಗೆಯಿತ್ತು: ನೋಡಲು ಒಂದೇ ಬೆಂಚು, ಆದರೆ ಕೊಯ್ದು ಎರಡು ಮಾಡಿರುತ್ತಾರೆ, ಡ್ರೈವರನ ಪಾಲು ಬೇರೆ ಹಿಂದೆ ಮುಂದೆ ಸರಿಯುತ್ತದೆ. ಒಂದೇ ಮನೆಯಲ್ಲಿದ್ದು ಒಲೆ ಬೇರೆ ಮಾಡಿಕೊಂಡವರ ಹಾಗೆ. ಆಮೇಲೆ ಒಂದು ಕಾಲದಲ್ಲಿ ಅವರಿಗೆ ಕಾರಿನ ಸೀಟು ಸೀಟಿನಂತೆ ಕಾಣಲೇಬಾರದೆಂಬ ಹುಕಿ ಬಂದಿತು. ಮಖಮಲ್ಲು, ಅದರ ಮೇಲೆ ದಿಂಬು ದಿಂಬಾಗಿ ಉಬ್ಬು, ಉಬ್ಬಿಗೊಂದು ಗುಂಡಿ. ಇದನ್ನು ನೋಡಿದಾಗ ಅಪ್ಪನಿಗೆ ಏನೂ ಆಶ್ಚರ್ಯವಾಗಲಿಲ್ಲ. ಸೇಡಮ್ಮಿನ ಮದುವೆ ಹಾಲಿಗೆ ವಧೂವರರ ಸೋಫಾ ಮಾಡಿಕೊಟ್ಟವನು ಅವನೇ. "ಗುಂಡಿ ಮ್ಯಾಲ ಇರ್ತದ ಅಂತ ತಿಳ್ಕೊಬ್ಯಾಡ. ಅದನ್ನ ಹಿಂದಿನಿಂದ ಸುತಳಿ ಹಚ್ಚಿ ಜಗ್ಗಿರ್ತಾರ. ಎಷ್ಟು ಜಗ್ಗತಿ ಅಷ್ಟು ಉಬ್ಬತದ" ಎಂದ.

ಇನ್ನೊಂದು ವಿಚಿತ್ರವಿತ್ತು. ಹಳೆಯ ಕೆಲವು ಕಾರುಗಳಲ್ಲಿ ಬೆನ್ನ ಭಾಗದ ಮುಚ್ಚಳ ತೆಗೆದರೆ ಅಲ್ಲೇ ಒಂದು ಸೀಟು; ಮೇಲೆ ಛಾವಣಿಯಿಲ್ಲ, ಸುತ್ತ ಗೋಡೆಯಿಲ್ಲ, ಬಿಸಿಲು ಮಳೆ ಎಲ್ಲ ನಿಮ್ಮದೇ. ಇಂಗ್ಲೆಂಡಿನವರು ಅದನ್ನು ಡಿಕ್ಕಿ ಸೀಟು ಎಂದರಂತೆ. ಸೀಟು ಹೋಯಿತು, ಹೆಸರು ನಮ್ಮಲ್ಲಿ ಉಳಿಯಿತು. ಇಂದು ನಾವು ಡಿಕ್ಕಿಯಲ್ಲಿ ಜೋಳದ ಚೀಲ ಇಡುತ್ತೇವಲ್ಲ, ಒಂದಾನೊಂದು ಕಾಲಕ್ಕೆ ಅಲ್ಲಿ ಯಾರದೋ ಮೈದುನ ಕೂತಿರುತ್ತಿದ್ದ.

ಇಷ್ಟೆಲ್ಲ ಓದಿ ತಿಳಿದ ಮೇಲೆ ಮಾದರಿ ಮಾಡುವುದು ಸುಲಭವೆಂದುಕೊಂಡೆ. ಅಲ್ಲಿಯೇ ಎಡವಿದ್ದು.

ಕಾಲೇಜು ಕಲಬುರಗಿಯಲ್ಲಿ, ಶಹಾಬಾದಿನಿಂದ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ನಮ್ಮ ಗೈಡ್ ಸರ್ ಅಲ್ಲಿಯವರೇ, ಕಡಿಮೆ ಮಾತಿನವರು. ಮೊದಲ ಸಲ ನಾನು ಪೇಟೆಯಲ್ಲಿ ಸಿಗುವ ಆಟಿಕೆ ಕಾರೊಂದನ್ನು ತಂದು, ಬಿಚ್ಚಿ, ಬಣ್ಣ ಬಳಿದು, ಹೊಳಪು ಕೊಟ್ಟು ಪರೀಕ್ಷೆಗಿಟ್ಟೆ. ಸರ್ ಹೊರಗಿನ ಹೊಳಪು ನೋಡಲೇ ಇಲ್ಲ. ಬಾಗಿ, ಒಂದು ಕಣ್ಣು ಮುಚ್ಚಿ, ಕಿಟಕಿಯೊಳಗೆ ಇಣುಕಿದರು. ಒಳಗೆ ಇದ್ದದ್ದು ಕಪ್ಪು ಪ್ಲಾಸ್ಟಿಕ್ಕಿನ ಒಂದು ಮುದ್ದೆ. "ಇದರಾಗ ಯಾರೂ ಕುಂದ್ರಂಗಿಲ್ಲಮ್ಮ" ಎಂದರು. ಫೇಲು. ಇನ್ನು ಒಂದೇ ಅವಕಾಶವಿತ್ತು. ಅದರಲ್ಲೂ ಆಗದಿದ್ದರೆ ನಾಲ್ಕು ವರ್ಷದ ರೈಲು, ನಾಲ್ಕು ವರ್ಷದ ಬುತ್ತಿ, ಎಲ್ಲ ಮುಗಿದಂತೆ, ಡಿಗ್ರಿಯ ಕಾಗದವಿಲ್ಲದೆ ಮನೆಗೆ. ಸರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ವಿಷಯ ಬದಲ್ ಮಾಡು. ಸೀಟು ನಿನ್ನಿಂದ ಆಗೂದಿಲ್ಲ." ನಮ್ಮತ್ತೆಯ ಸಾಲಿನಲ್ಲಿ ಇವರನ್ನೂ ನಿಲ್ಲಿಸಿ, ನಾನು ವಿಷಯ ಬದಲಿಸದೆ ರೈಲು ಹತ್ತಿದೆ. ಸೀಟು ಮಾಡುವವನ ಮಗಳಿಗೆ ಸೀಟು ಆಗುವುದಿಲ್ಲವೆಂದರೆ ಕಿವಿ ಬಿಸಿಯಾಗುವುದಿಲ್ಲವೆ?

ಅಂದಿನಿಂದ ನನಗೆ ಒಂದು ಕೆಟ್ಟ ಚಾಳಿ ಅಂಟಿದೆ. ಯಾರ ಮನೆಯ ಶೋಕೇಸಿನಲ್ಲಿ ಪುಟ್ಟ ಕಾರು ಕಂಡರೂ ಬಾಗಿ ಕಿಟಕಿಯೊಳಗೆ ನೋಡುತ್ತೇನೆ. ಹೊರಗೆ ಎಷ್ಟೇ ಮಿಂಚಲಿ, ಮಾಡಿದವನ ನಿಯತ್ತು ಇರುವುದು ಸೀಟಿನಲ್ಲಿ. ಅಲ್ಲಿ ಯಾರೂ ನೋಡುವುದಿಲ್ಲವೆಂದು ಗೊತ್ತಿದ್ದೂ ಹೊಲಿಗೆಯ ಗೆರೆ ಮೂಡಿಸಿದ್ದರೆ ಅವನಿಗೆ ಅಲ್ಲೇ ಕೈ ಮುಗಿಯುತ್ತೇನೆ.

ಅಳತೆ ಆರಿಸುವಾಗ ನನಗೂ ಅಪ್ಪನಿಗೂ ಒಂದು ಚರ್ಚೆಯಾಯಿತು. ಮಾದರಿ ಮಾಡುವವರ ಲೋಕದಲ್ಲಿ ಹದಿನೆಂಟರಲ್ಲಿ ಒಂದು, ಇಪ್ಪತ್ನಾಲ್ಕರಲ್ಲಿ ಒಂದು ಎಂದೆಲ್ಲ ಅಳತೆಗಳಿವೆ. ಅಪ್ಪ ತಲೆ ಕೆರೆದುಕೊಂಡ. ಹನ್ನೆರಡರಲ್ಲಿ ಒಂದು ಎಂದಾಗ ಅವನ ಮುಖ ಅರಳಿತು. "ಅಂದ್ರ ಒಂದು ಫೂಟಿಗಿ ಒಂದು ಇಂಚು! ಅದನ್ನ ಮೊದಲೇ ಹೇಳಬೇಕಿಲ್ಲೇನು?" ಫರ್ಸಿಯ ಊರಿನಲ್ಲಿ ಫೂಟು ಇಂಚು ತಿಳಿಯದವರು ಯಾರಿದ್ದಾರೆ? ಅಂಗಡಿಯ ಟೇಪನ್ನೇ ಹಿಡಿದು ಐದು ಫೂಟಿನ ಸೀಟನ್ನು ಐದು ಇಂಚಿಗೆ ಇಳಿಸಿದೆವು. ಒಂದು ಪಾಲಿಶ್ ಮಾಡಿದ ಫರ್ಸಿ ತುಂಡೇ ನಮ್ಮ ಕೆಲಸದ ಮೇಜು.

ಆದರೆ ಅಳತೆ ಇಳಿದಂತೆ ವಸ್ತು ಇಳಿಯುವುದಿಲ್ಲ. ಇದು ಮಾದರಿ ಮಾಡುವ ವಿದ್ಯೆಯ ಮೊದಲ ಸಂಕಟ. ರೆಕ್ಸಿನನ್ನು ಐದಿಂಚಿನ ಸೀಟಿಗೆ ಹೊದಿಸಿದರೆ ಮಗುವಿಗೆ ಅಪ್ಪನ ಕೋಟು ತೊಡಿಸಿದಂತೆ ಮಡಿಕೆ ಬೀಳುತ್ತದೆ. ಬಟ್ಟೆ ಹೊದಿಸಿದರೆ ಎಳೆ ಹಗ್ಗದಷ್ಟು ದಪ್ಪ ಕಾಣುತ್ತದೆ. ಬಹಳ ಹುಡುಕಿ ಎರಡು ಸಾಮಾನು ಕಂಡುಕೊಂಡೆವು. ಬಟ್ಟೆಗೆ, ಕನ್ನಡಕದ ಅಂಗಡಿಯವರು ಡಬ್ಬಿಯೊಳಗಿಟ್ಟು ಕೊಡುವ ಒರೆಸುವ ವಸ್ತ್ರ. ಅಷ್ಟು ನುಣುಪು, ಎಳೆಯೇ ಕಾಣದು. ಚರ್ಮಕ್ಕೆ, ಗಂಡಸರು ದುಡ್ಡಿಡುವ ಹಳೆಯ ಪಾಕೀಟಿನ ಒಳಮಡಿಕೆಯ ತೆಳ್ಳನೆಯ ಚರ್ಮ. ಗುಂಡಿಗೆ ಟಾಚಣಿಯ, ಅಂದರೆ ಗುಂಡುಸೂಜಿಯ, ತಲೆ. ಅಪ್ಪನ ಬೆರಳುಗಳು ಲಾರಿ ಸೀಟಿನ ಸ್ಪ್ರಿಂಗು ಬಗ್ಗಿಸಿ ಬಗ್ಗಿಸಿ ಬದನೆಕಾಯಿಯಂತಾಗಿವೆ. ಆ ಬೆರಳುಗಳು ಆ ಟಾಚಣಿಯನ್ನು ಹಿಡಿದದ್ದನ್ನು ನೋಡುವಾಗ ನಾನು ಉಸಿರು ಬಿಗಿ ಹಿಡಿದಿದ್ದೆ. ಅವನು ಹಿಡಿದಿರಲಿಲ್ಲ. "ಮುತ್ಯಾನ ಮೊಮ್ಮಗಳೇ, ಅಳ್ಳಾಡಬ್ಯಾಡ" ಎಂದ.

ನಾನು ಆರಿಸಿದ್ದು ಮೂವತ್ತರ ದಶಕದ ಒಂದು ಉದ್ದನೆಯ ಕಾರು. ಮುಂದೆ ಸಂಬಳದ ಡ್ರೈವರ್, ಹಿಂದೆ ಮಾಲೀಕರು, ನಡುವೆ ಗಾಜು. ಡ್ರೈವರನ ತಲೆಯ ಮೇಲೆ ಛಾವಣಿಯಿಲ್ಲ. ನನಗೆ ಸಿಕ್ಕ ಚಿತ್ರಗಳೆಲ್ಲ ಕಪ್ಪು ಬಿಳುಪಿನವು. ಮುಂದಿನ ಸೀಟಿಗೊಂದು, ಹಿಂದಿನದಕ್ಕೊಂದು ವಸ್ತು ಇದೆಯೆಂಬುದು ತಿಳಿಯುತ್ತಿತ್ತು, ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಅಪ್ಪನನ್ನು ಕೇಳಿದೆ. ಅವನು ನನ್ನನ್ನು ಪೆದ್ದಿಯೆಂಬಂತೆ ನೋಡಿದ. "ಇದನ್ನೇನ್ ಕೇಳತಿ? ಚರ್ಮ ಮಾಲಕರಿಗಿ. ಡ್ರೈವರಗ ಬಟ್ಟಿ. ನಾ ಮೂವತ್ತು ವರ್ಷ ಸೀಟ್ ಹೊಲೀಲಿಕತ್ತೀನಿ, ಡ್ರೈವರಗ ಚಲೋ ಮಾಲ್ ಹಾಕು ಅಂದ ಮಾಲಕನ್ನ ನೋಡಿಲ್ಲ." ನನಗೂ ಅದು ನೂರಕ್ಕೆ ನೂರು ಸರಿಯೆನಿಸಿತು. ನಮ್ಮ ಕಡೆಯ ಯಾರಿಗೆ ಕೇಳಿದರೂ ಹಾಗೆಯೇ ಹೇಳುತ್ತಿದ್ದರು. ಮಧ್ಯಾಹ್ನದ ಹೊತ್ತು ಗಿರಾಕಿಗಳಿಲ್ಲದಾಗ ಕೂತು, ಒಂದೂವರೆ ತಿಂಗಳಲ್ಲಿ ಹಿಂದಿನ ಸೀಟಿಗೆ ಚರ್ಮ, ಮುಂದಿನದಕ್ಕೆ ಬಟ್ಟೆ ಹೊದಿಸಿ ಮುಗಿಸಿದೆವು.

ಪರೀಕ್ಷೆಗೆ ಎಂಟು ದಿನವಿರುವಾಗ ಸರ್‌ಗೆ ತೋರಿಸಲು ಒಯ್ದೆ. ಬಾಗಿದರು, ಒಂದು ಕಣ್ಣು ಮುಚ್ಚಿದರು. ಎದ್ದಾಗ ಮುಖದಲ್ಲಿ ಮೆಚ್ಚುಗೆಯಿತ್ತು, ಅದರ ಕೆಳಗೆ ಏನೋ ಚಿಂತೆಯೂ ಇತ್ತು. "ಹೊಲಿಗಿ ಭಾಳ ಚಂದ ಅದ. ಆದ್ರ ಉಲ್ಟಾ ಮಾಡೀಯಲ್ಲಮ್ಮ" ಎಂದು ತಮ್ಮ ಪುಸ್ತಕವೊಂದನ್ನು ತೆಗೆದು ತೋರಿಸಿದರು. ಚರ್ಮ ಡ್ರೈವರನದು! ಮಾಲೀಕರು ಕೂರುತ್ತಿದ್ದದ್ದು ನುಣ್ಣನೆಯ ಉಣ್ಣೆಯ ಬಟ್ಟೆಯ ಮೇಲೆ. ಬಟ್ಟೆ ಬೆಚ್ಚಗೆ, ಸದ್ದಿಲ್ಲದ್ದು, ಜಾರುವುದಿಲ್ಲ, ಒಡವೆ ಹಾಕಿದ ಹೆಂಗಸರ ರೇಷ್ಮೆಗೆ ಹಿತ. ಅವರಿಗೆ ಅದೇ ಐಷಾರಾಮ. ಚರ್ಮ ಎಂದರೆ ಗಟ್ಟಿಮುಟ್ಟು ಸಾಮಾನು, ಕೆಲಸದವರ ಜಾಗಕ್ಕೆ. "ಹೊರಗಿಂದ ಬರೋ ಪರೀಕ್ಷಕರು ಇದನ್ನೇ ಮೊದಲು ನೋಡ್ತಾರ" ಎಂದರು ಸರ್.

ಅಂದಿನ ರೈಲಿನಲ್ಲಿ ಸೀಟಿತ್ತು, ನಾನು ಕೂರಲಿಲ್ಲ. ಡಿಗ್ರಿ ಹೋಗುತ್ತದೆಂಬ ಭಯ ಒಂದು ಕಡೆ. ಅಪ್ಪನ ಒಂದೂವರೆ ತಿಂಗಳ ಹೊಲಿಗೆ ಬಿಚ್ಚಬೇಕೆಂದು ಅಪ್ಪನಿಗೇ ಹೇಳಬೇಕಲ್ಲ ಎಂಬುದು ಇನ್ನೊಂದು ಕಡೆ. ಎರಡನೆಯದೇ ಭಾರ.

ಹೇಳಿದೆ. ಅಪ್ಪ ಸೂಜಿ ಕೆಳಗಿಟ್ಟ. ಸಿಟ್ಟು ಬರಬಹುದೆಂದುಕೊಂಡಿದ್ದೆ. ಬಂದದ್ದು ಹಿಗ್ಗು.

"ಡ್ರೈವರಗ ಚರ್ಮ? ಖರೇನೇ ಹೇಳ್ಲಿಕತ್ತೀ ಏನ್ ಯವ್ವಾ?"

"ಖರೇನೇ ಅಪ್ಪಾ."

"ನೋಡು, ಮಂದಿ ಹೆಂಗ ಇರ್ತಾರ! ಮಾಲಕ ಬಟ್ಟಿ ಮ್ಯಾಲ ಕುಂತು ಡ್ರೈವರಗ ಚರ್ಮ ಕೊಡ್ತಾನ. ಅದಕ್ಕೇ ಆ ದೇಶ ಮುಂದ ಬಂದದ." ಎದುರಿನ ಟಂಟಂ ಸ್ಟ್ಯಾಂಡಿಗೆ ಈ ಸುದ್ದಿ ಮುಟ್ಟಿಸಲು ಎದ್ದೇಬಿಟ್ಟ.

ನಾನು ಸುಮ್ಮನಿರಬಹುದಿತ್ತು. ಆದರೆ ಓದಿದ ಮೇಲೆ ಅರ್ಧ ಸತ್ಯ ಹೇಳಿ ಸುಮ್ಮನಿರಲು ಆಗುವುದಿಲ್ಲ. ಓದಿನಿಂದ ಬರುವ ತೊಂದರೆಗಳಲ್ಲಿ ಅದೂ ಒಂದು. "ಅಪ್ಪಾ, ಅವನ ತಲಿ ಮ್ಯಾಲ ಛಾವಣಿ ಇಲ್ಲ. ಮಳಿ ಬಂದ್ರ ಸೀಟ್ ತೋಯ್ತದ. ಬಟ್ಟಿ ಆದ್ರ ಹಾಳಾಗ್ತದ, ಚರ್ಮ ಆದ್ರ…"

"…ಒರಸಿದ್ರ ಹೋಗ್ತದ" ಎಂದ ಅಪ್ಪ. ಬಾಗಿಲ ಬಳಿ ನಿಂತವನು ತಿರುಗಿ ಬಂದು ಕೂತ. "ಅಂದ್ರ ಆತ ತೋಯ್ಸಿಕೊಳ್ಳೂದು ಮೊದಲೇ ಗೊತ್ತಿತ್ತು ಅವರಿಗಿ. ಎಲ್ಲಾ ಕಡಿ ಒಂದೇ ಅದ ಬಿಡು" ಎಂದು ಬ್ಲೇಡು ತೆಗೆದುಕೊಂಡು, ತನ್ನ ಹೊಲಿಗೆಗೆ ತಾನೇ ಮೊದಲ ಗೀರು ಹಾಕಿದ.

ಬಟ್ಟೆಗೆ ತೊಂದರೆಯಿರಲಿಲ್ಲ, ಕನ್ನಡಕದ ಅಂಗಡಿಯವರು ಇನ್ನೆರಡು ಕೊಟ್ಟರು. ಬಿಚ್ಚಿದ ಚರ್ಮ ಮಾತ್ರ ತುಂಬ ತೂತು ಬಿದ್ದು ಕೆಲಸಕ್ಕೆ ಬಾರದಾಯಿತು. ಮತ್ತೊಂದು ಹಳೆಯ ಪಾಕೀಟು ಬೇಕು, ಒಳಚರ್ಮ ತೆಳ್ಳಗಿರಬೇಕು, ಕಪ್ಪಾಗಿರಬೇಕು. ಊರೆಲ್ಲ ಕೇಳಿದೆ. ಅಷ್ಟರಲ್ಲಿ ಶಾಂತತ್ತೆ ಗಂಡನ ಜೊತೆ ಬಂದಿಳಿದಳು. ಏನಾಗಿದೆಯೆಂದು ಕೇಳಿ ತಿಳಿದು, ಚಹಾ ಕುಡಿಯುತ್ತ ಕೂತಿದ್ದ ಮಾವನ ಕಿಸೆಗೆ ಕೈ ಹಾಕಿ ಪಾಕೀಟು ತೆಗೆದಳು.

"ತಗೋ. ಇದರಾಗ ಎಂದೂ ಏನೂ ಇರಂಗಿಲ್ಲ, ಚರ್ಮ ಹೊಸಾದೇ ಉಳದದ."

"ಏ, ನನ್ನ ಫೋಟೋ ಅದ ಅದರಾಗ" ಎಂದರು ಮಾವ.

"ನಿನ್ನ ಮಾರಿ ದಿನಾ ನೋಡ್ಲಿಕತ್ತೀನಿ, ಫೋಟೋ ಯಾಕ ಬೇಕು?" ಎಂದು ಫೋಟೋ ಅವರ ಕೈಗಿತ್ತು, ಪಾಕೀಟು ನನ್ನ ಕೈಗಿತ್ತಳು. ನನ್ನ ಕಡೆ ತಿರುಗಿ, "ಪಾಸ್ ಆಗ್ತೀ ಅಂತ ಕೊಟ್ಟಿಲ್ಲ ಮತ್ತ. ಫೇಲ್ ಆದ್ರ ಅತ್ತಿ ಏನೂ ಕೊಡಲಿಲ್ಲ ಅನಬಾರದು, ಅದಕ್ಕ" ಎಂದಳು. ನಮ್ಮ ಕಡೆ ಪ್ರೀತಿ ಹೀಗೆಯೇ ಬರುತ್ತದೆ, ಬೈಗುಳದ ಮೇಲೆ ಕೂತು.

ಪರೀಕ್ಷೆಯ ದಿನ ಹೊರಗಿನಿಂದ ಬಂದವರು ಬಿಳಿ ಕೂದಲಿನ ಒಬ್ಬ ಮೇಡಂ. ಅವರು ಸರ್ ಹಾಗೆ ಒಂದು ಕಣ್ಣು ಮುಚ್ಚಿ ಇಣುಕಲಿಲ್ಲ. ಕಾರಿನ ಮೇಲ್ಭಾಗ ತೆಗೆಯಲು ಹೇಳಿ, ಕಿರುಬೆರಳಿನಿಂದ ಹಿಂದಿನ ಸೀಟನ್ನು ಒತ್ತಿದರು. ಅದು ಮೆತ್ತಗೆ ಇಳಿದು ಎದ್ದಿತು. ಮುಂದಿನದನ್ನು ಒತ್ತಿದರು. ಮತ್ತೊಮ್ಮೆ ಒತ್ತಿದರು.

"ಡ್ರೈವರ್ ಸೀಟು ಮಾಲೀಕರ ಸೀಟಿಗಿಂತ ಮೆತ್ತಗಿದೆಯಲ್ಲ?"

ನಾನೂ ಒತ್ತಿ ನೋಡಿದೆ. ಹೌದು, ಮೆತ್ತಗಿತ್ತು. ಚರ್ಮದ ಒಳಗೆ ಒಂದಲ್ಲ, ಎರಡು ಪದರ ಫೋಮು. ನನಗೆ ಹೇಳದೆ ಯಾರು ಇಟ್ಟಿರಬಹುದೆಂದು ಕೇಳಬೇಕಾಗಿರಲಿಲ್ಲ. ಆ ಕಾಲದ ಕಾರುಗಳಲ್ಲಿ ಡ್ರೈವರನ ಸೀಟು ನೆಟ್ಟಗೆ, ಗಟ್ಟಿಯಾಗಿ, ಹಲಗೆಯಂತೆ ಇರುತ್ತಿತ್ತೆಂಬುದು ನನಗೂ ಗೊತ್ತಿತ್ತು, ಮೇಡಂಗೂ ಗೊತ್ತಿತ್ತು. ಮೂಲೆಯಲ್ಲಿ ನಿಂತಿದ್ದ ನಮ್ಮ ಸರ್ ನೆಲ ನೋಡತೊಡಗಿದರು.

ಏನೋ ಒಂದು ಸುಳ್ಳು ಹೇಳಬಹುದಿತ್ತು. ಅಳತೆ ತಪ್ಪಿತು ಅನ್ನಬಹುದಿತ್ತು. ನಾನು ಇದ್ದದ್ದನ್ನೇ ಹೇಳಿದೆ. "ನಮ್ಮ ಅಪ್ಪ ಇಟ್ಟಿದ್ದು ಮೇಡಂ. ಮಾಲೀಕ ಒಂದು ತಾಸು ಕೂರುತ್ತಾನೆ, ಡ್ರೈವರ್ ದಿನವಿಡೀ ಕೂರುತ್ತಾನೆ ಅಂತ ಅವನ ಲೆಕ್ಕ. ಅಂಗಡಿಯಲ್ಲೂ ಮಾಲೀಕರು ಕೇಳದಿದ್ದರೂ ಡ್ರೈವರ್ ಸೀಟಿನ ಒಳಗೆ ಒಂದು ಪದರ ಹೆಚ್ಚು ಇಡುತ್ತಾನೆ."

"ಇತಿಹಾಸದ ಪ್ರಕಾರ ಇದು ತಪ್ಪು."

"ಹೌದು ಮೇಡಂ, ತಪ್ಪು."

"ತಿದ್ದಲು ಒಂದು ದಿನ ಕೊಡಬಹುದು."

ಈಗ ನೆನೆದರೆ ನನಗೇ ಆಶ್ಚರ್ಯ. ಕಡೆಯ ಅವಕಾಶ, ಬಾಗಿಲು ತೆರೆದು ನಿಂತಿದ್ದಾರೆ, ಹೌದೆಂದರೆ ಮುಗಿಯಿತು. ನಾನೆಂದೆ: "ಹೊದಿಕೆ ಬಿಚ್ಚಿ ಒಂದು ಸಲ ತಿದ್ದಿದ್ದೇವೆ, ಅದು ನಮ್ಮ ತಿಳಿಗೇಡಿತನ. ಇದನ್ನು ತಿದ್ದುವುದಿಲ್ಲ. ಅಂಕ ಕಳೆಯಿರಿ."

ಮೇಡಂ ನನ್ನನ್ನು ನೋಡಿದರು, ಸೀಟನ್ನು ನೋಡಿದರು, ಮತ್ತೆ ಕಿರುಬೆರಳಿನಿಂದ ಒಮ್ಮೆ ಒತ್ತಿದರು. ಈ ಸಲದ ಒತ್ತುವಿಕೆ ಪರೀಕ್ಷಕರದ್ದಾಗಿರಲಿಲ್ಲ. "ಕಳೆಯುತ್ತೇನೆ" ಎಂದು ಬರೆದುಕೊಂಡರು. ಕಳೆದೂ ಕಳೆದರು. ನನಗೆ ಪ್ರಥಮ ದರ್ಜೆ ತಪ್ಪಿದ್ದು ಆ ಒಂದು ಪದರ ಫೋಮಿನಿಂದ. ಪಾಸಾದದ್ದು ಉಳಿದ ಹೊಲಿಗೆಯಿಂದ. ದ್ವಿತೀಯ ದರ್ಜೆಯಲ್ಲಿ ಕೂತು ನೋಡಿದ್ದೇನೆ, ಆರಾಮವಾಗಿಯೇ ಇದೆ.

ಪದವಿ ಪ್ರಮಾಣಪತ್ರ ಬಂದಿದೆಯೆಂದು ಕೆಲವು ತಿಂಗಳ ಮೇಲೆ ಫೋನ್ ಬಂದಿತು. ಅಪ್ಪ ಅಂಗಡಿಗೆ ಬೀಗ ಹಾಕಿ ನನ್ನೊಡನೆ ಕಲಬುರಗಿಗೆ ಬಂದ. ವೇದಿಕೆ, ಹಾರ, ಚಪ್ಪಾಳೆ ಏನೂ ಇರಲಿಲ್ಲ. ಒಂದು ಕಿಟಕಿ, ಕಿಟಕಿಯ ಒಳಗೆ ಒಬ್ಬ ಗುಮಾಸ್ತರು, ಅವರ ಮುಂದೆ ಒಂದು ದಪ್ಪ ರಿಜಿಸ್ಟರು. ಸಹಿ ಮಾಡಿದೆ. ಅವರು ಕಾಗದ ಹೊರಗೆ ಚಾಚಿದಾಗ ನಾನು ಪೆನ್ನು ಮುಚ್ಚುತ್ತಿದ್ದೆ. ಅಪ್ಪ ಎರಡೂ ಕೈ ಅಂಗಿಗೆ ಒರೆಸಿಕೊಂಡು ತಾನೇ ತೆಗೆದುಕೊಂಡ. ಮುಂಭಾಗದ ಇಂಗ್ಲಿಷ್ ಅಕ್ಷರ, ಮೊಹರು, ಸಹಿ ಎಲ್ಲದರ ಮೇಲೂ ಕಣ್ಣಾಡಿಸಿದ. ಆಮೇಲೆ ಕಸುಬುದಾರರು ಯಾವ ಮಾಲನ್ನೂ ಒಪ್ಪಿಕೊಳ್ಳುವ ಮೊದಲು ಮಾಡುವಂತೆ ಅದನ್ನು ಮಗುಚಿ ಹಿಂಭಾಗ ನೋಡಿದ. ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಸವರಿದ. ಹಿಂದೆ ಏನೂ ಇರಲಿಲ್ಲ, ಬರೀ ಬಿಳಿ.

"ಅಲ್ಲೇನೂ ಬರಿಯಂಗಿಲ್ಲ ಅಪ್ಪಾ" ಎಂದೆ.

"ಬರೀದಿದ್ರೇ ಚಲೋ" ಎಂದ ಅಪ್ಪ, ಕಾಗದವನ್ನು ನನ್ನ ಕೈಗೆ ಕೊಡುತ್ತ. "ಮುಂದ ನಿನ್ನದೊಂದೇ ಹೆಸರ ಹಿಡದದ. ಹಿಂದ ಭಾಳ ಜಾಗ ಅದ ನೋಡು, ನಾವೆಲ್ಲಾ ಕುಂದ್ರತೀವಿ."